"ಮುಟ್ಟೇನ್ರಿ" ಅಂದರೆ ಎಲ್ಲಿಗೆ? ಉದ್ಯಮಬಾಗದಿಂದ ಬಂದರಿನವರೆಗೆ ಡಬ್ಬಾದ ಲೆಕ್ಕ ಜೋಡಿಸುವ ಬಗೆ

ರಾತ್ರಿ ಎರಡೂವರೆಗೆ ಫೋನ್ ಬಂತು. "ಅಕ್ಕಾರ, ಪೋರ್ಟ್ ಮುಟ್ಟೇನ್ರಿ." ಅರೆನಿದ್ದೆಯಲ್ಲೇ ಡೈರಿಯಲ್ಲಿ ಬರೆದೆ: 2.30, ಮುಟ್ಟಿತು. ಮರುದಿನ ಟರ್ಮಿನಲ್‌ನ, ಅಂದರೆ ಬಂದರಿನಲ್ಲಿ ಹಡಗಿಗೆ ಮಾಲು ಏರಿಸುವ ಅಂಗಳದ ದಾಖಲೆ ನೋಡಿದರೆ ಅದೇ ಡಬ್ಬಾ, ಅಂದರೆ ಕಂಟೇನರ್, ಗೇಟ್ ದಾಟಿದ್ದು 11.40ಕ್ಕೆ. ನಡುವಿನ ಒಂಬತ್ತು ತಾಸು ಯಾರ ಪುಸ್ತಕದಲ್ಲೂ ಇಲ್ಲ.

ಡ್ರೈವರ್ ಕಾಕಾ ಸುಳ್ಳು ಹೇಳಿರಲಿಲ್ಲ. ಅವರು ಮುಟ್ಟಿದ್ದು ಬಂದರಿನ ಪಾರ್ಕಿಂಗ್ ಪ್ಲಾಜಾಕ್ಕೆ, ಟರ್ಮಿನಲ್‌ಗೆ ಹೋಗುವ ಮೊದಲು ಗಾಡಿಗಳು ನಿಲ್ಲುವ ಜಾಗಕ್ಕೆ. ನಮ್ಮ ಫೌಂಡ್ರಿ (ಲೋಹ ಎರಕ ಹೊಯ್ಯುವ ಕಾರ್ಖಾನೆ) ಸಾಹೇಬರಿಗೆ 'ಮುಟ್ಟಿತು' ಅಂದರೆ ಟರ್ಮಿನಲ್ ಗೇಟ್ ಒಳಗೆ. ಮಾಲು ಕೊಂಡ ಕಂಪನಿಗೆ ಹಡಗಿನ ಮೇಲೆ. ಮಾತು ಒಂದೇ, ಜಾಗ ಮೂರು.

ನಾನು ಏಳು ವರ್ಷ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ನಲ್ಲಿ ಯಾರ್ಡ್ ಪ್ಲಾನರ್ ಆಗಿದ್ದೆ. ಅಂದರೆ ಯಾವ ಡಬ್ಬಾ ಯಾವ ಸಾಲಿನಲ್ಲಿ, ಯಾವುದರ ಮೇಲೆ ಕೂಡಬೇಕು ಅಂತ ಹೇಳುವ ಕೆಲಸ. ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಫೌಂಡ್ರಿಗಳ ಎಕ್ಸ್‌ಪೋರ್ಟ್ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಎರಡೂ ತುದಿ ಕಂಡಿದ್ದೇನೆ. ಆ ತುದಿಯವರ ಹತ್ತಿರ ಬೇಕಾದಷ್ಟು ಮಾಹಿತಿ ಇದೆ, ಈ ತುದಿಯವರ ಹತ್ತಿರವೂ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟವರು ಮಾತ್ರ ಕಡಿಮೆ. ಅದನ್ನು ಹೇಗೆ ಇಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಕೊಳ್ಳುವ ಮಾತು ಆಮೇಲೆ. ಒಂದು ಎಕ್ಸೆಲ್ ಸಾಕು, ನಿಜವಾಗಿ.

ಮೊದಲು ಮಾತು ಗಟ್ಟಿ ಮಾಡಿಕೊಳ್ಳಿ

ಒಂದು ಡಬ್ಬಾದ ಪಯಣದಲ್ಲಿ ಏಳು ಗಳಿಗೆ ಆರಿಸಿಕೊಳ್ಳಿ. ಖಾಲಿ ಡಬ್ಬಾ ಫೌಂಡ್ರಿ ಗೇಟಿಗೆ ಬಂದದ್ದು. ಲೋಡ್ ಆಗಿ, ಸೀಲ್ ಬಿದ್ದು ಹೊರಟದ್ದು. ಪಾರ್ಕಿಂಗ್ ಪ್ಲಾಜಾ ಒಳಗೆ ಹೋದದ್ದು. ಕಸ್ಟಮ್ಸ್‌ನವರು ಎಲ್‌ಇಒ, ಅಂದರೆ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಎಂಬ ರಫ್ತಿನ ಅನುಮತಿ ಕೊಟ್ಟದ್ದು. ಟರ್ಮಿನಲ್ ಗೇಟ್ ಒಳಗೆ ಹೋದದ್ದು. ಡಬ್ಬಾ ಇಳಿಸಿ ಗಾಡಿ ಹೊರಗೆ ಬಂದದ್ದು. ಡಬ್ಬಾ ಹಡಗಿಗೆ ಏರಿದ್ದು.

ಪ್ರತಿಯೊಂದಕ್ಕೂ ಒಂದು ಗುರುತು ಬೇಕು. 'ಹೊರಟಿತು' ಅಂದರೆ ಏನು? ಲೋಡಿಂಗ್ ಮುಗಿದದ್ದೋ, ವಾಚ್‌ಮನ್ ಗೇಟ್ ತೆಗೆದದ್ದೋ? ಎರಡರ ನಡುವೆ ಡ್ರೈವರ್ ಊಟ, ಬಿಲ್ಲಿನ ಪ್ರಿಂಟು, ಸಹಿಗಾಗಿ ಕಾಯುವುದು, ಎಲ್ಲಾ ಸೇರಿ ಮೂರು ತಾಸು ಹೋಗಿದ್ದನ್ನು ನೋಡಿದ್ದೇನೆ. ನಾವು ವಾಚ್‌ಮನ್ ರಿಜಿಸ್ಟರಿನ ಹೊತ್ತನ್ನೇ ಹಿಡಿದೆವು. ಅವರಿಗೆ ಬೇಗ ಬರೆದು ಲಾಭವಿಲ್ಲ, ತಡವಾಗಿ ಬರೆದು ನಷ್ಟವಿಲ್ಲ. ಅಂಥವರ ದಾಖಲೆ ಗಟ್ಟಿ.

ಡ್ರೈವರುಗಳಿಗೆ ವಾಟ್ಸಾಪ್‌ನಲ್ಲಿ ಮೂರೇ ಮಾತು ಹೇಳಿಕೊಟ್ಟಿದ್ದೇನೆ: 'ಪ್ಲಾಜಾ', 'ಒಳಗ', 'ಹೊರಗ'. 'ಮುಟ್ಟೇನ್ರಿ' ಬಂದ್. ಮೊದಲ ತಿಂಗಳು ನಕ್ಕರು. ಬರೆಯಲು ಬರದ ಒಬ್ಬರು ಗೇಟಿನ ಫೋಟೋ ಕಳಿಸುತ್ತಾರೆ. ಅದು ಇನ್ನೂ ಒಳ್ಳೆಯದು.

ಜೋಡಿಸುವ ದಾರ: ಡಬ್ಬಾದ ನಂಬರ್

ಫೌಂಡ್ರಿಯವರು ಇನ್‌ವಾಯ್ಸ್ ನಂಬರಿನಿಂದ ಹುಡುಕುತ್ತಾರೆ. ಟ್ರಾನ್ಸ್‌ಪೋರ್ಟಿನವರು ಗಾಡಿ ನಂಬರಿನಿಂದ. ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ (ರಫ್ತಿನ ಘೋಷಣಾ ಪತ್ರ) ನಂಬರ್, ಹಡಗು ಕಂಪನಿಗೆ ಬುಕಿಂಗ್ ನಂಬರ್. ಎಲ್ಲರ ಕಾಗದದಲ್ಲೂ ಇರುವುದು ಡಬ್ಬಾದ ನಂಬರ್ ಒಂದೇ. ಗಾಡಿ ನಂಬರನ್ನು ನಂಬಬೇಡಿ. ಕರಾಡದ ಹತ್ತಿರ ಗಾಡಿ ಕೆಟ್ಟು ಬೇರೆ ಗಾಡಿ ಎಳೆದುಕೊಂಡು ಹೋದರೆ ನಿಮ್ಮ ಲೆಕ್ಕ ಅಲ್ಲೇ ತುಂಡು. ಬುಕಿಂಗ್ ನಂಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾಕೆಂದರೆ ಅದೇ ಡಬ್ಬಾ ವರ್ಷದಲ್ಲಿ ಮತ್ತೊಮ್ಮೆ ನಿಮ್ಮ ಬಾಗಿಲಿಗೇ ಬರಬಹುದು.

ಈ ನಂಬರಿನಲ್ಲಿ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಒಂದು ಕಾವಲು ಅಂಕಿ ಇರುತ್ತದೆ. ಐಎಸ್‌ಒ 6346 ಎಂಬ ಮಾನಕದ ನಿಯಮ ಅದು. ಈ ಕಾವಲು ಅಂಕಿ ನನಗೆ ಬಹಳ ಇಷ್ಟ. ಅಕ್ಷರಗಳಿಗೆ ಬೆಲೆ ಇದೆ: ಎ ಅಂದರೆ 10, ಬಿ ಅಂದರೆ 12, ಹೀಗೆ. 11, 22, 33 ಬಿಟ್ಟುಬಿಡುತ್ತಾರೆ, ಝಡ್‌ಗೆ 38. ಎಡದಿಂದ ಒಂದೊಂದನ್ನೂ 1, 2, 4, 8 ಎಂದು 512ರವರೆಗೆ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ. ಉಳಿದದ್ದೇ ಕಾವಲು ಅಂಕಿ. ಉಳಿಕೆ 10 ಬಂದರೆ ಸೊನ್ನೆ.

ಸಿಎಸ್‌ಕ್ಯೂಯು 305438 ತೆಗೆದುಕೊಳ್ಳಿ. ಮೊತ್ತ 6185, ಉಳಿಕೆ 3. ಹಾಗಾಗಿ ಪೂರ್ತಿ ನಂಬರ್ ಸಿಎಸ್‌ಕ್ಯೂಯು 3054383. ಬರೆಯುವ ಹುಡುಗ 54ರ ಬದಲು 45 ಅಂತ ಬರೆದ ಅನ್ನಿ. ಮೊತ್ತ 6249 ಆಗುತ್ತದೆ, ಉಳಿಕೆ 1. ಕೊನೆಯಲ್ಲಿ 3 ಇದೆ, ಬರಬೇಕಾದದ್ದು 1. ಅಲ್ಲೇ ಸಿಕ್ಕಿಬಿದ್ದ. ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಒಂದು ಸೂತ್ರವಾಗಿ ಹಾಕಿಡಿ, ತಪ್ಪಿದರೆ ಕೆಂಪಾಗಲಿ. ಅಂಕಿ ಅದಲುಬದಲಾದದ್ದು ಬಂದರಿನ ಗೇಟಿನಲ್ಲಿ ಗೊತ್ತಾದರೆ ಗಾಡಿ ಪಕ್ಕಕ್ಕೆ ನಿಲ್ಲುತ್ತದೆ. ಇಲ್ಲಿ ಗೊತ್ತಾದರೆ ಒಂದು ರಬ್ಬರ್ ಸಾಕು.

ಹೊತ್ತು ಎಲ್ಲಿಂದ ತರುವುದು

ಮೊದಲ ಎರಡು ಗಳಿಗೆ ನಿಮ್ಮ ಗೇಟಿನಲ್ಲೇ ಇವೆ. ದಾರಿಯದ್ದು ಪುಕ್ಕಟೆ ಸಿಗುತ್ತದೆ: ಫಾಸ್ಟ್ಯಾಗ್ ಸಂದೇಶ. ನಮ್ಮ ಗಾಡಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆಣೆವಾಡಿ, ಖೇಡ್ ಶಿವಾಪುರ, ಹೀಗೆ ಟೋಲ್ ನಾಕಾ ಸಾಲಾಗಿ ಬರುತ್ತವೆ. ಪ್ರತಿ ನಾಕಾದಲ್ಲೂ ಗಾಡಿ ಮಾಲೀಕರ ಮೊಬೈಲಿಗೆ ಹೊತ್ತಿನ ಸಮೇತ ಸಂದೇಶ ಬೀಳುತ್ತದೆ. ಜಿಪಿಎಸ್ ಇಲ್ಲದ ಗಾಡಿಗೂ ಇದು ಸಾಕು. ಮಾಲೀಕರನ್ನು ಕೇಳಿ, ಫಾರ್ವರ್ಡ್ ಮಾಡುತ್ತಾರೆ. ಖೇಡ್ ಶಿವಾಪುರ ದಾಟಿದ ಸಂದೇಶ ಬಂದರೆ ನಾನು ಕಸ್ಟಮ್ಸ್ ಏಜೆಂಟರಿಗೆ ಫೋನ್ ಮಾಡುತ್ತೇನೆ.

ಬಂದರಿನ ಹೊತ್ತಿಗೆ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಇದೆ, ಎಲ್‌ಡಿಬಿ ಅನ್ನುತ್ತಾರೆ. ನ್ಹಾವಾ ಶೇವಾದಲ್ಲಿ 2016ರಲ್ಲಿ ಶುರುವಾಯಿತು. ಡಬ್ಬಾಕ್ಕೆ ಒಂದು ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೊ ಅಲೆಯಿಂದ ದೂರದಿಂದಲೇ ಓದಬಹುದಾದ ಚೀಟಿ ಅಂಟಿಸುತ್ತಾರೆ, ದಾರಿಯ ರೀಡರುಗಳು ಅದನ್ನು ಓದುತ್ತವೆ. ಡಬ್ಬಾ ನಂಬರ್ ಹಾಕಿದರೆ ಎಲ್ಲಿ, ಯಾವಾಗ ಓದಿತು ಅಂತ ಕಾಣುತ್ತದೆ. ಎಲ್‌ಇಒ ಹೊತ್ತಿಗೆ ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ಶಿಪ್ಪಿಂಗ್ ಬಿಲ್ ಸ್ಥಿತಿ ನೋಡಿ. ಹಡಗಿಗೆ ಏರಿದ್ದನ್ನು ಹಡಗು ಕಂಪನಿಯ ಟ್ರ್ಯಾಕಿಂಗ್ ಪುಟ ಹೇಳುತ್ತದೆ. ಗಾಡಿ ಜಾಸ್ತಿ ಇರುವ ದೊಡ್ಡವರಾದರೆ 2022ರ ಸೆಪ್ಟೆಂಬರ್‌ನಲ್ಲಿ ಬಂದ ಯೂಲಿಪ್ ಇದೆ, ಹಲವು ಸರ್ಕಾರಿ ವ್ಯವಸ್ಥೆಗಳ ಮಾಹಿತಿಯನ್ನು ಒಂದೇ ಬಾಗಿಲಿನಿಂದ ಕೊಡುವ ವೇದಿಕೆ. ತಿಂಗಳಿಗೆ ಮೂವತ್ತು ಡಬ್ಬಾ ಕಳಿಸುವವರಿಗೆ ಅದು ಬೇಕಿಲ್ಲ ಅಂತ ನನ್ನ ಅನಿಸಿಕೆ. ಕೈಯಿಂದ ಬರೆದರೂ ದಿನಕ್ಕೆ ಹತ್ತು ನಿಮಿಷ.

ಗಡಿಯಾರದ ವಿಷಯದಲ್ಲಿ ಮಾತ್ರ ಹುಷಾರು. 24 ತಾಸಿನ ಗಡಿಯಾರವೇ ಇರಲಿ. ತಾರೀಖಿನಲ್ಲಿ ತಿಂಗಳ ಹೆಸರನ್ನೇ ಬರೆಯಿರಿ, ಇಲ್ಲವಾದರೆ ಎಕ್ಸೆಲ್ ಜೂನ್ 5ನ್ನು ಮೇ 6 ಮಾಡಿ ಕೂರುತ್ತದೆ. ಎರಡು ದಾಖಲೆಗಳ ನಡುವೆ ಪದೇ ಪದೇ ಸರಿಯಾಗಿ 5 ತಾಸು 30 ನಿಮಿಷದ ವ್ಯತ್ಯಾಸ ಕಂಡರೆ ಯಾರನ್ನೂ ಬೈಯಬೇಡಿ. ಒಂದು ಕಡೆ ನಮ್ಮ ಹೊತ್ತು, ಇನ್ನೊಂದು ಕಡೆ ಗ್ರೀನಿಚ್ ಹೊತ್ತು, ಅಷ್ಟೇ. ನಾನು ಹೀಗೆ ಒಬ್ಬ ಟ್ರಾನ್ಸ್‌ಪೋರ್ಟಿನವರ ಜೊತೆ ಜಗಳ ಮಾಡಿ ಆಮೇಲೆ ಕುಂದಾ ಕೊಟ್ಟು ರಾಜಿಯಾಗಿದ್ದೇನೆ.

ಕಟ್-ಆಫ್, ಅಂದರೆ ಆ ಹಡಗಿಗೆ ಡಬ್ಬಾ ಟರ್ಮಿನಲ್ ಒಳಗೆ ಹೋಗಲು ಇರುವ ಕೊನೆಯ ಗಡುವು. ಅದರ ಕಾಲಂನಲ್ಲಿ ಎಂದೂ ಅಳಿಸಿ ಬರೆಯಬೇಡಿ. ಹಡಗು ತಡವಾದರೆ ಟರ್ಮಿನಲ್ ಕಟ್-ಆಫ್ ಮುಂದೆ ಹೋಗುತ್ತದೆ, ಗೇಟ್ ತೆರೆಯುವ ದಿನವೂ ಮುಂದೆ ಹೋಗುತ್ತದೆ. ಬೇಗ ಹೋದ ಡಬ್ಬಾವನ್ನೂ ಒಳಗೆ ಬಿಡುವುದಿಲ್ಲ. ಹಳೆಯ ಹೊತ್ತು, ಹೊಸ ಹೊತ್ತು, ನಿಮಗೆ ಗೊತ್ತಾದ ಹೊತ್ತು, ಮೂರೂ ಇರಲಿ. ಮೂರನೆಯದು ಮುಖ್ಯ. ಗಾಡಿ ಹೊರಟ ಮೇಲೆ ಗೊತ್ತಾಯಿತೋ, ಮೊದಲೇ ಮೇಲ್ ಬಂದಿದ್ದು ಯಾರೂ ತೆರೆದಿರಲಿಲ್ಲವೋ ಅನ್ನುವುದು ಆಗ ತಿಳಿಯುತ್ತದೆ. ಟರ್ಮಿನಲ್ ಹೆಸರಿಗೂ ಒಂದು ಕಾಲಂ. ಒಂದೇ ಬಂದರಿನಲ್ಲಿ ಐದು ಕಂಟೇನರ್ ಟರ್ಮಿನಲ್ ಇವೆ.

ತೂಕ

ಕಾಸ್ಟಿಂಗ್, ಅಂದರೆ ಎರಕದ ಮಾಲು, ಬಹಳ ಭಾರ. 20 ಅಡಿಯ ಡಬ್ಬಾದಲ್ಲಿ ಅರ್ಧ ಜಾಗ ಖಾಲಿ ಇರುವಾಗಲೇ ತೂಕ ಮುಗಿದುಹೋಗುತ್ತದೆ. 2016ರ ಜುಲೈ 1ರಿಂದ ಪ್ರತಿ ಡಬ್ಬಾದ ಪರಿಶೀಲಿಸಿದ ಒಟ್ಟು ತೂಕ, ಅಂದರೆ ವಿಜಿಎಂ ಕೊಡದೆ ಹಡಗಿಗೆ ಏರಿಸುವಂತಿಲ್ಲ. ತುಂಬಿದ ಡಬ್ಬಾವನ್ನೇ ತೂಗಬಹುದು, ಇಲ್ಲವೇ ಮಾಲು, ಪ್ಯಾಲೆಟ್, ಡಬ್ಬಾದ ಸ್ವಂತ ತೂಕ ಕೂಡಿಸಬಹುದು. ಕೂಡಿಸುವವರು ಮರೆಯುವುದು ಕಟ್ಟಿಗೆ ಪ್ಯಾಲೆಟ್. ಬೆಳಗಾವಿಯ ಮಳೆಗಾಲದಲ್ಲಿ ಒದ್ದೆಯಾದ ಪ್ಯಾಲೆಟ್ ತೂಕ ಬೇಸಿಗೆಯದ್ದಲ್ಲ.

ಇದನ್ನು ಕಸ್ಟಮ್ಸ್ ಕಾಗದ ಅಂತ ತಿಳಿಯಬೇಡಿ. ಯಾರ್ಡ್ ಪ್ಲಾನರ್ ಕೂತು ನೋಡುವ ಮೊದಲ ಅಂಕಿಯೇ ಇದು. ಹಡಗಿನಲ್ಲಿ ಭಾರ ಕೆಳಗೆ, ಹಗುರ ಮೇಲೆ. ಹಾಗಾಗಿ ಯಾರ್ಡಿನಲ್ಲೂ ತೂಕ ನೋಡಿ, ಇಳಿಯುವ ಬಂದರು ನೋಡಿ ಸಾಲು ಮಾಡುತ್ತೇವೆ. ತೂಕ ತಪ್ಪಾಗಿ ಬಂದು ಆಮೇಲೆ ತಿದ್ದುಪಡಿ ಬಂದರೆ, ಆ ಡಬ್ಬಾ ನಾಲ್ಕರ ಕೆಳಗೆ ಹೂತಿರುತ್ತದೆ. ಮೇಲಿನ ನಾಲ್ಕನ್ನು ತೆಗೆದಿಟ್ಟು, ಅದನ್ನು ಎಳೆದು, ಮತ್ತೆ ಜೋಡಿಸಬೇಕು. ಅಷ್ಟು ಹೊತ್ತು ಆ ಕ್ರೇನ್ ಕೆಳಗೆ ನಿಂತ ಗಾಡಿಗಳೆಲ್ಲ ಕಾಯುತ್ತವೆ. ಅದರಲ್ಲಿ ನಿಮ್ಮದೇ ಇನ್ನೊಂದು ಗಾಡಿ ಇರಬಹುದು.

ಈಗ ಕಳೆಯಿರಿ

ಒಂದು ತಿಂಗಳು ತುಂಬಿಸಿದ ಮೇಲೆ ಪಕ್ಕಪಕ್ಕದ ಗಳಿಗೆಗಳನ್ನು ಕಳೆಯಿರಿ. ಆರು ಅಂತರ ಸಿಗುತ್ತವೆ. ಸರಾಸರಿ ನೋಡಬೇಡಿ. ಐದು ಗಾಡಿ 3, 4, 4, 5, 29 ತಾಸು ಕಾದಿವೆ ಅನ್ನಿ. ಸರಾಸರಿ 9 ತಾಸು. ಆದರೆ 9 ತಾಸು ಕಾದ ಗಾಡಿ ಒಂದೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನದನ್ನು ತೆಗೆದುಕೊಳ್ಳಿ, 4. ಆ 29ರ ಕಥೆಯನ್ನು ಬೇರೆಯಾಗಿ ಕೇಳಿ.

ನಮ್ಮಲ್ಲಿ ಎಲ್ಲರೂ ಟರ್ಮಿನಲ್ ಗೇಟನ್ನು ಬೈಯುತ್ತಿದ್ದರು. ಲೆಕ್ಕ ಹಾಕಿದರೆ ಗೇಟ್ ಒಳಗಿನಿಂದ ಹೊರಗೆ ಬರುವ ಅಂತರ ಅಷ್ಟೇನೂ ಇರಲಿಲ್ಲ. ದೊಡ್ಡದಿದ್ದದ್ದು ಪ್ಲಾಜಾ ಮತ್ತು ಎಲ್‌ಇಒ ನಡುವೆ. ಗಾಡಿಗಳು ಮಧ್ಯಾಹ್ನ ಹನ್ನೆರಡಕ್ಕೆ ಹೊರಡುತ್ತಿದ್ದವು. ಸುಮಾರು ಐನೂರು ಕಿಲೋಮೀಟರ್, ಘಾಟು, ಪುಣೆಯ ಟ್ರಾಫಿಕ್ ಎಲ್ಲ ಮುಗಿಸಿ ನಡುರಾತ್ರಿ ಎರಡರ ಸುಮಾರಿಗೆ ಪ್ಲಾಜಾ. ಕಸ್ಟಮ್ಸ್ ರಾತ್ರಿಯೂ ಕೆಲಸ ಮಾಡುತ್ತದೆ. ಆದರೆ ನಮ್ಮ ಏಜೆಂಟರ ಹುಡುಗ ಕಾಗದ ಹಿಡಿದು ಬರುವುದು ಬೆಳಿಗ್ಗೆ ಹತ್ತಕ್ಕೆ! ನನ್ನ ಡೈರಿಯ ಕಾಣೆಯಾದ ಒಂಬತ್ತು ತಾಸು ಸಿಕ್ಕಿತು. ಹೊರಡುವ ಹೊತ್ತನ್ನು ಸಂಜೆ ಏಳಕ್ಕೆ ತಂದೆವು. ಡಬ್ಬಾ ಗೇಟ್ ದಾಟುವ ಹೊತ್ತು ಬದಲಾಗಲಿಲ್ಲ, ಡ್ರೈವರುಗಳಿಗೆ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಸಿಕ್ಕಿತು. ಆಮೇಲೆ ಏಜೆಂಟರನ್ನೂ ಬದಲಾಯಿಸಿದೆವು, ಅದು ಬೇರೆ ಕಥೆ.

ಟರ್ಮಿನಲ್ ಒಳಗೆ ಕೂತು ಇದನ್ನು ಓದುವವರಿಗೂ ಉಪಾಯ ಇದೇ. ನನ್ನ ಆಗಿನ ಕಂಟ್ರೋಲ್ ರೂಮಿನಲ್ಲಿ ಗೇಟಿನ ಪರದೆ ಒಂದು, ಯಾರ್ಡ್ ಕ್ರೇನಿನ ಪರದೆ ಇನ್ನೊಂದು. ಇಬ್ಬರದೂ ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಒಂದು ರಾತ್ರಿ ಪಾಳಿಯಲ್ಲಿ ಬೇಸರಕ್ಕೆ ಗೇಟ್-ಇನ್ ಹೊತ್ತು ಮತ್ತು ಕ್ರೇನ್ ಡಬ್ಬಾ ಎತ್ತಿದ ಹೊತ್ತನ್ನು ಒಂದೇ ಪಟ್ಟಿಯಲ್ಲಿ ಇಟ್ಟೆ. ಯಾರ್ಡಿನ ಒಂದು ಬ್ಲಾಕಿನಲ್ಲಿ (ಡಬ್ಬಾ ಪೇರಿಸುವ ಭಾಗ) ಒಂಬತ್ತು ಗಾಡಿ ಒಂದೇ ಕ್ರೇನಿಗೆ ಕಾದಿವೆ, ಪಕ್ಕದ ಬ್ಲಾಕಿನ ಕ್ರೇನ್ ಸುಮ್ನೆ ನಿಂತಿದೆ. ಒಂದು ಹಡಗಿನ ಡಬ್ಬಾಗಳನ್ನೆಲ್ಲ ಒಂದೇ ಬ್ಲಾಕಿಗೆ ಹಾಕಿ ಎಂದು ಬರೆದವಳು ನಾನೇ. ಮುಂದಿನ ಹಡಗಿಗೆ ಮೂರು ಬ್ಲಾಕಿಗೆ ಹಂಚಿದೆ. ಹಡಗಿಗೆ ಏರಿಸುವಾಗಲೂ ಮೂರು ಕ್ರೇನ್ ಒಟ್ಟಿಗೆ ದುಡಿದವು.

ಟರ್ಮಿನಲ್‌ಗಳು ಹಡಗು ಕಂಪನಿಗಳಿಗೆ ಕಳಿಸುವ ಸಂದೇಶಗಳಿಗೆ ಮಾನಕ ಹೆಸರುಗಳಿವೆ. ಗೇಟ್ ದಾಟಿದ್ದಕ್ಕೆ ಕೊಡೆಕೊ, ಹಡಗಿಗೆ ಏರಿದ್ದು ಇಳಿದದ್ದಕ್ಕೆ ಕೊಆರಿ. ನಿಮ್ಮ ಹಾಳೆಯ ಐದು ಮತ್ತು ಏಳನೇ ಕಾಲಂ ಅಲ್ಲೇ ಇವೆ. ಹಡಗು ಕಂಪನಿಯವರನ್ನು ನೇರವಾಗಿ ಈ ಹೆಸರು ಹಿಡಿದೇ ಕೇಳಿ, 'ಡೇಟಾ ಕೊಡಿ' ಅಂತ ಕೇಳಿದರೆ ಯಾರೂ ಕೊಡುವುದಿಲ್ಲ. ಬದಲಿಗೆ ನೀವೂ ಒಂದು ಕೊಡಿ: ಗಾಡಿ ಯಾವಾಗ ಬರುತ್ತದೆ ಅನ್ನುವುದು. ಫಾರ್ಮ್ 13 (ರಫ್ತಿನ ಡಬ್ಬಾವನ್ನು ಟರ್ಮಿನಲ್ ಒಳಗೆ ಬಿಡಲು ಕೊಡುವ ಅರ್ಜಿ) ನೋಡಿದರೆ ಪ್ಲಾನರ್‌ಗೆ ಡಬ್ಬಾ ಬರುತ್ತದೆ ಅಂತ ಗೊತ್ತಾಗುತ್ತದೆ, ಯಾವ ತಾಸಿಗೆ ಅಂತ ಗೊತ್ತಾಗುವುದಿಲ್ಲ. ತಿಂಗಳ ಕೊನೆಯ ಎರಡು ದಿನ ಉದ್ಯಮಬಾಗ, ಮಚ್ಛೆ, ಹೊನಗಾ, ಹೀಗೆ ಬೆಳಗಾವಿಯ ಕೈಗಾರಿಕಾ ಪ್ರದೇಶಗಳೆಲ್ಲ ಕಡೆಯಿಂದ ಒಟ್ಟಿಗೆ ಗಾಡಿ ಹೊರಡುತ್ತವೆ, ಅಲ್ವಾ? ಅದನ್ನು ಹಿಂದಿನ ದಿನವೇ ಒಂದು ಸಾಲಿನಲ್ಲಿ ತಿಳಿಸಿದರೂ ನಡೆಯುತ್ತದೆ.

ಹಾಳೆಯನ್ನು ಹೊರಗೆ ಕಳಿಸುವ ಮೊದಲು ಕೊಂಡವರ ಹೆಸರು, ದರ, ಡ್ರೈವರ್ ಮೊಬೈಲ್ ನಂಬರ್, ಈ ಮೂರು ಕಾಲಂ ತೆಗೆದುಹಾಕಿ. ಕಾಲಂ ಅಡಗಿಸಿದರೆ ಸಾಲದು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಬೇರೆ ಫೈಲಿಗೆ ನಕಲು ಮಾಡಿ ಕಳಿಸಿ.