‘ಹಳದಿ ಲೋಹ’ ಎಂದು ಬರೆದ ಲಾಟುಗಳಲ್ಲಿ ನಮ್ಮ ಒಡವೆಗಳನ್ನು ಹುಡುಕಿದ ಅನುಭವ

ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿ ಹಳೆಯ ಒಡವೆಗಳ ಹರಾಜಿಗೆ ಹೋಗತೊಡಗಿದಾಗ, ಇಲ್ಲಿನ ವ್ಯಾಪಾರಿಗಳೂ ಕನ್ನಡದ ಗೆಳೆಯರೂ ಹೇಳಿದ್ದು ಒಂದೇ ಮಾತು: ಸಣ್ಣ ಊರಿನ ಹರಾಜಿನಲ್ಲಿ ಒಳ್ಳೆಯದೇನಿದ್ದರೂ ದಲ್ಲಾಳಿಗಳು ಮೊದಲೇ ಸೋಸಿಕೊಂಡಿರುತ್ತಾರೆ, ನಿಮಗೆ ಉಳಿಯುವುದು ಚರಟ. ಏಳು ವರ್ಷಗಳಲ್ಲಿ ಸುಮಾರು ನಲವತ್ತು ಲಾಟುಗಳನ್ನು, ಎಂದರೆ ಹರಾಜಿಗೆ ಒಂದಾಗಿ ಕೂಗುವ ವಸ್ತುಗಳನ್ನು, ಕೊಂಡು, ಮೊದಲ ಮೂರು ವರ್ಷದ ನಷ್ಟವನ್ನೆಲ್ಲ ತುಂಬಿಕೊಂಡ ಮೇಲೂ ಕೈಯಲ್ಲಿ ಲಾಭ ಉಳಿದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬ್ರಿಟನ್ನಿನ 1973ರ ಹಾಲ್‌ಮಾರ್ಕಿಂಗ್ ಕಾಯ್ದೆಯಂತೆ, ಶುದ್ಧತೆಯ ಮುದ್ರೆಯಿಲ್ಲದ (ಹಾಲ್‌ಮಾರ್ಕ್ ಇಲ್ಲದ) ವಸ್ತು ಚಿನ್ನವಾದರೆ 1 ಗ್ರಾಂ, ಬೆಳ್ಳಿಯಾದರೆ 7.78 ಗ್ರಾಂ ಮೀರಿದಾಗ ಅದನ್ನು ಚಿನ್ನ ಅಥವಾ ಬೆಳ್ಳಿ ಎಂದು ಹೇಳಿ ಮಾರುವಂತಿಲ್ಲ. 1950ಕ್ಕಿಂತ ಹಳೆಯದಕ್ಕೆ ವಿನಾಯಿತಿ ಇದ್ದರೂ ಅದರ ಹಳಮೆಯನ್ನೂ ಶುದ್ಧತೆಯನ್ನೂ ಮಾರುವವರೇ ತೋರಿಸಿಕೊಡಬೇಕಾದ್ದರಿಂದ, ಸಣ್ಣ ಹರಾಜುಮನೆಗಳು ಆ ಗೋಜಿಗೆ ಹೋಗದೆ ‘ಹಳದಿ ಲೋಹ’, ‘ಬಿಳಿ ಲೋಹ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ನಮ್ಮ ಅಕ್ಕಸಾಲಿಗರು ಮಾಡಿದ ಒಡವೆಗೆ ಇಲ್ಲಿನ ಮುದ್ರೆ ಎಲ್ಲಿಂದ ಬರಬೇಕು? ಕೊಡಗಿನಲ್ಲಿ ಕಾಫಿ ತೋಟ ಮಾಡಿದವರ, ಮೈಸೂರು ಮದರಾಸುಗಳಲ್ಲಿ ನೌಕರಿಯಲ್ಲಿದ್ದವರ ಮನೆಗಳಿಂದ ಇಂಥ ಒಡವೆಗಳು ಈಗಲೂ ಹೊರಬರುತ್ತವೆ. ಕೊಡವರ ಕೊರಳ ಒಡವೆಯಾದ ಕೊಕ್ಕೆತಾತಿಯನ್ನು ಅರ್ಧಚಂದ್ರದ ಬ್ರೂಚ್ ಎಂದೂ, ಜಡೆಬಿಲ್ಲೆಯನ್ನು ಪದಕ ಎಂದೂ, ಕಿವಿಯ ಒಂಟಿ ಬುಗುಡಿಯನ್ನು ಮೂಗುಬೊಟ್ಟು ಎಂದೂ ಪಟ್ಟಿಯಲ್ಲಿ ಬರೆದದ್ದನ್ನು ಕಂಡಿದ್ದೇನೆ. ಹೆಸರು ಗೊತ್ತಿಲ್ಲದವರಿಗೆ ಬೆಲೆಯೂ ಗೊತ್ತಿರುವುದಿಲ್ಲ ಎಂಬುದನ್ನೇ ನಾನು ಬಂಡವಾಳ ಮಾಡಿಕೊಂಡೆ. ಪಟ್ಟಿಗಳಲ್ಲಿ ನಾನು ಹುಡುಕುವ ಪದಗಳು ಯಾವುವೆಂದು ಮಾತ್ರ ಇಲ್ಲಿ ಹೇಳಲಾರೆ. ಅವನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲು ಕೊಂಡದ್ದು ಕೆಂಪು ಕಲ್ಲಿನ ಅಡ್ಡಿಗೆ, ಕೊರಳಿನ ಒಡವೆ. ಸವಾಲು 420 ಪೌಂಡಿಗೆ ನಿಂತಿತು. ಅದರ ಮೇಲೆ ಹರಾಜುಮನೆಯ ಶೇ 25ರ ಕಮಿಷನ್, ಕಮಿಷನ್ನಿಗೆ ವ್ಯಾಟ್, ಆನ್‌ಲೈನಿನಲ್ಲಿ ಕೂಗಿದ್ದಕ್ಕೆ ಬೇರೆ ಶುಲ್ಕ, ಅಂಚೆ ಎಲ್ಲ ಸೇರಿ ಆರುನೂರರ ಹತ್ತಿರ ಹೋಯಿತು. ನಲವತ್ತು ಗ್ರಾಂ ಚಿಲ್ಲರೆ ತೂಗುತ್ತಿತ್ತೆಂದು, ಅದೆಲ್ಲ ಚಿನ್ನವೆಂದೇ ಎಣಿಸಿ ಹಿಗ್ಗಿದ್ದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಉಂಗುರಗಳನ್ನು ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದ ಬಿಸಿನೀರಿಗೆ ಅದನ್ನು ಇಳಿಸಿದ್ದು. ಕಲ್ಲುಗಳ ಅಡಿಯಲ್ಲಿ ಹೊಳಪಿಗೆಂದು ಇಟ್ಟ ರೇಕಿಗೆ, ಎಂದರೆ ತೆಳು ಹಾಳೆಗೆ, ನೀರು ಇಳಿದು ಕೆಂಪೆಲ್ಲ ಇದ್ದಿಲಿನಂತೆ ಮಂಕಾಯಿತು, ಒಳಗಿನ ಅರಗು ಮೆತ್ತಗಾಗಿ ನಾಲ್ಕು ಕಲ್ಲು ಕಳಚಿದವು. ಕೊನೆಗೆ ಅರಗು, ಕಲ್ಲು ತೆಗೆದು ತೂಗಿದರೆ ಚಿನ್ನ ಹನ್ನೊಂದು ಗ್ರಾಮೋ ಏನೋ. ಬಂದದ್ದು ಮುನ್ನೂರು ಪೌಂಡು. ಸುಂದರವಾದ ಒಂದು ಒಡವೆಯನ್ನು ನಾನೇ ಕೊಂದೆನೆಂಬ ಸಂಕಟ ಹಣದ ನಷ್ಟಕ್ಕಿಂತ ಹೆಚ್ಚಾಗಿತ್ತು.

ಅಂದಿನಿಂದ ಹಿಂಬದಿ ಮುಚ್ಚಿದ ಒಡವೆಯಾದರೆ ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಚಿನ್ನವೆಂದು ಹಿಡಿದೇ ಕೂಗುತ್ತೇನೆ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ನೋಡುವ ಪರೀಕ್ಷೆ ಅರಗು ತುಂಬಿದ ವಸ್ತುವಿಗೆ ಒಗ್ಗುವುದಿಲ್ಲ, ರೇಕಿಗೂ ಅಪಾಯ. ಹಿಂಬದಿಯ ಚಿತ್ರವನ್ನು ತಪ್ಪದೆ ಕೇಳಿ ತರಿಸಿಕೊಂಡು, ಸವೆದ ಅಂಚಿನಲ್ಲಿ ತಗಡಿನ ದಪ್ಪವನ್ನು ನೋಡುತ್ತೇನೆ. ಕೆಂಪಿನೊಳಗೆ ಬಾಗಿದ ಗೆರೆಗಳು ಕಂಡರೆ ಅದು ವೆರ್ನೇಯ್ ವಿಧಾನದ ಕೃತಕ ಕಲ್ಲು, ಎಂದರೆ 1902ಕ್ಕಿಂತ ಈಚಿನದು; ಒಡವೆ ಅದಕ್ಕಿಂತ ಹಳೆಯದಾದರೆ ಕಲ್ಲನ್ನು ಬದಲಿಸಿದ್ದಾರೆಂದು ತಿಳಿಯಬೇಕು.

2020ರಲ್ಲಿ ‘ನಾಣ್ಯವಿರುವ ಭಾರತೀಯ ಪದಕ, ಹಳದಿ ಲೋಹ’ ಎಂಬ ಲಾಟು ಕಣ್ಣಿಗೆ ಬಿತ್ತು. ಅಂದಾಜು ಬೆಲೆ 80ರಿಂದ 120 ಪೌಂಡ್. ಮೇಲೆ ಹೆಡೆಯೆತ್ತಿದ ಹಾವು, ಸುತ್ತ ಕೆಂಪು, ನಡುವೆ ಸವರನ್. ಕೊಡವತಿಯರು ಕೊರಳಿಗೆ ಧರಿಸುವ ಪತ್ತಾಕ್ ಅದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮವರು 8 ಗ್ರಾಮಿಗೆ ಸವರನ್ ಎನ್ನುವ ಲೆಕ್ಕಕ್ಕೆ ಮೂಲವಾದ, 22 ಕ್ಯಾರೆಟ್ಟಿನ 7.98 ಗ್ರಾಂ ತೂಕದ ನಾಣ್ಯವೇ ಅದು; ಆಗಿನ ದರದಲ್ಲಿ ಅದೊಂದಕ್ಕೇ 300 ಪೌಂಡಿಗೆ ಕಡಿಮೆಯಿರಲಿಲ್ಲ. ನನ್ನೆದುರು ಕೂಗಿದ ಇಬ್ಬರೂ ನಾಣ್ಯದ ಬೆಲೆಯಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಕಾಣುತ್ತದೆ, 260ಕ್ಕೆ ಸುಮ್ಮನಾದರು. ಖರ್ಚೆಲ್ಲ ಸೇರಿ 340 ಬಿದ್ದದ್ದನ್ನು ಇಲ್ಲೇ ನೆಲೆಸಿದ ಕೊಡವ ಕುಟುಂಬವೊಂದು ಮಗಳ ಮದುವೆಗೆಂದು 1,100 ಪೌಂಡಿಗೆ ಕೊಂಡಿತು.

ನಡುವೆ ಒಂದು ವರ್ಷ ಗಡಿಯಾರಗಳಿಗೂ ಕೈಹಾಕಿದೆ. ವೆಸ್ಟ್ ಎಂಡ್ ಕಂಪನಿಯ ಸೊವಾರ್ ಕೈಗಡಿಯಾರ ಐದಾರು ಕೊಂಡೆ. ಮೂರರ ಮುಖಫಲಕಕ್ಕೆ ಹೊಸ ಬಣ್ಣ ಬಳಿದಿದ್ದರು, ಚಿತ್ರದಲ್ಲಿ ಅದು ತಿಳಿಯಲಿಲ್ಲ. ರಿಪೇರಿಗೇ ಇನ್ನೂರು ಪೌಂಡು ಸುರಿದು ಅಲ್ಲಿಗೇ ಕೈಬಿಟ್ಟೆ.

ಬೆಳ್ಳಿಯಲ್ಲಾದರೆ, ಮುದ್ರೆಯಿಲ್ಲದ್ದನ್ನು ಹುಡುಕುವ ಹಳೆಯ ದಾರಿಯೇ ಫಲ ಕೊಟ್ಟಿತು. ಈಗ ಎಂ.ಜಿ. ರಸ್ತೆಯ ಬಾರ್ಟನ್ ಸೆಂಟರಿನ ಹೆಸರಿನಲ್ಲಿ ಉಳಿದಿರುವ ಬೆಂಗಳೂರಿನ ಬಾರ್ಟನ್ ಅಂಗಡಿಯ ಟೀಪಾಟೊಂದು ‘ಬಿಳಿ ಲೋಹ’ವಾಗಿ 150 ಪೌಂಡಿಗೆ ಸಿಕ್ಕಿತು. ಅದರ ಹಿಡಿಯಲ್ಲಿ ಶಾಖ ತಡೆಯಲು ಕೂರಿಸಿದ ಎರಡು ಆನೆದಂತದ ಬಿಲ್ಲೆಗಳಿವೆ. 2022ರ ಜೂನಿನಿಂದ ಇಲ್ಲಿ ದಂತದ ಕಾಯ್ದೆ ಜಾರಿಯಲ್ಲಿರುವುದರಿಂದ, 1947ಕ್ಕಿಂತ ಹಳೆಯದು, ದಂತ ಶೇ 10ಕ್ಕಿಂತ ಕಡಿಮೆ ಎಂದು ತೋರಿಸಿ, 20 ಪೌಂಡ್ ಕಟ್ಟಿ ನೋಂದಾಯಿಸದೆ ಮಾರುವಂತಿಲ್ಲ. ಅರ್ಜಿ ತುಂಬಿಟ್ಟಿದ್ದೇನೆ, ಆದರೆ ಪ್ರತಿದಿನ ಸಂಜೆ ಅದರಲ್ಲೇ ಚಹಾ ಕುಡಿಯುವುದು ರೂಢಿಯಾಗಿ, ಕಳಿಸಲು ಮನಸ್ಸು ಬಂದಿಲ್ಲ.