ಸ್ಥಿರತೆ ಕೆಡದಂತೆ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡುವ ಕ್ರಮ

ಓವರ್‌ಕ್ಲಾಕ್ ಎಂದರೆ ಕಾರ್ಡನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ವೇಗ ಹೊಂದಿಸುವ ಯಾವ ಸ್ಲೈಡರನ್ನೂ ಮುಟ್ಟುವ ಮೊದಲು, ಕಾರ್ಡು ಮೂಲ ಸೆಟ್ಟಿಂಗ್‌ನಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಯುನಿಜಿನ್ ಸೂಪರ್‌ಪೊಸಿಷನ್‌ನಂತಹ ಬೆಂಚ್‌ಮಾರ್ಕ್ (ಕಾರ್ಡಿನ ಸಾಮರ್ಥ್ಯ ಅಳೆಯುವ ತಂತ್ರಾಂಶ) ಓಡಿಸಿ, ಬಂದ ಸ್ಕೋರ್, ಕೋರ್ ಕ್ಲಾಕ್ (ಮುಖ್ಯ ಚಿಪ್ ಓಡುವ ವೇಗ), ತಾಪಮಾನ ಹಾಗೂ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ತಾಪಮಾನವನ್ನು ದಾಖಲಿಸಿಕೊಳ್ಳಿ. ಈ ಅಂಕಿಗಳಿಲ್ಲದಿದ್ದರೆ ಮುಂದಿನ ಬದಲಾವಣೆಗಳಿಂದ ಲಾಭವಾಯಿತೋ ನಷ್ಟವಾಯಿತೋ ಹೇಳಲು ಆಗುವುದಿಲ್ಲ.

ಈಗಿನ ಕಾರ್ಡುಗಳು ತಾಪ ಮತ್ತು ವಿದ್ಯುತ್ ಮಿತಿಯನ್ನು ಗಮನಿಸುತ್ತಾ ತಾವೇ ಕ್ಲಾಕನ್ನು ಏರಿಳಿಸಿಕೊಳ್ಳುತ್ತವೆ. ಆದ್ದರಿಂದ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಮೊದಲು ಪವರ್ ಲಿಮಿಟ್ (ವಿದ್ಯುತ್ ಮಿತಿ) ಹೆಚ್ಚಿಸಿ, ಫ್ಯಾನ್ ಬೇಗ ವೇಗ ಪಡೆಯುವಂತೆ ಹೊಂದಿಸಿ. ಕೆಲವೊಮ್ಮೆ ಇಷ್ಟರಿಂದಲೇ ಕ್ಲಾಕ್ ಮೇಲೇರುತ್ತದೆ.

ಬಳಿಕ ಕೋರ್ ಕ್ಲಾಕನ್ನು 15 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ, ಪ್ರತಿ ಹೆಜ್ಜೆಗೂ ಹತ್ತು ನಿಮಿಷ ಪರೀಕ್ಷೆ ನಡೆಸಿ. ಮಿತಿ ದಾಟಿದಾಗ ಪರದೆ ಕ್ಷಣಕಾಲ ಕಪ್ಪಾಗಿ ಮರಳುತ್ತದೆ: ಕಾರ್ಡಿನಿಂದ 2 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ವಿಂಡೋಸ್, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮರುಚಾಲನೆ ಮಾಡುತ್ತದೆ. ಅಲ್ಲಿಂದ 30 ಮೆಗಾಹರ್ಟ್ಸ್‌ನಷ್ಟು ಹಿಂದೆ ಸರಿಯಿರಿ.

ಮುಂದಿನದು ಕಾರ್ಡಿನ ಮೆಮೊರಿಯ ಕ್ಲಾಕ್. ಹೆಚ್ಚಿನವರು ಎಡವುವುದು ಈ ವಿಷಯದಲ್ಲಿ. ಹಳೆಯ ಕಾರ್ಡುಗಳಲ್ಲಿ ಮೆಮೊರಿ ಸೋತರೆ ಮಿನುಗುವ ಚುಕ್ಕೆಗಳೋ ಚೌಕಗಳೋ ಪರದೆಯ ಮೇಲೆ ಕಾಣಿಸಿಕೊಂಡು ಎಚ್ಚರಿಸುತ್ತಿದ್ದವು. ಆದರೆ ಎನ್‌ವಿಡಿಯಾ ಆರ್‌ಟಿಎಕ್ಸ್ 30 ಸರಣಿಯಂತಹ ಕಾರ್ಡುಗಳು, ಸಾಗಣೆಯಲ್ಲಿ ಕೆಟ್ಟ ದತ್ತಾಂಶವನ್ನು ಪತ್ತೆಹಚ್ಚಿ ಮತ್ತೆ ಕಳುಹಿಸುವುದರಿಂದ, ಚಿತ್ರವೂ ಕೆಡುವುದಿಲ್ಲ, ಆಟವೂ ನಿಲ್ಲುವುದಿಲ್ಲ, ಕೇವಲ ವೇಗ ಸದ್ದಿಲ್ಲದೆ ಇಳಿಯುತ್ತದೆ. ಆದ್ದರಿಂದ ಮೆಮೊರಿ ಕ್ಲಾಕನ್ನು ಏರಿಸುವಾಗ 50 ಮೆಗಾಹರ್ಟ್ಸ್‌ನ ಪ್ರತಿ ಹೆಜ್ಜೆಯಲ್ಲೂ ಬೆಂಚ್‌ಮಾರ್ಕ್ ಸ್ಕೋರ್ ನೋಡಬೇಕು. ಅದು ಏರುವುದು ನಿಂತು ಇಳಿಯತೊಡಗಿದರೆ, ಕ್ರ್ಯಾಶ್ ಆಗದಿದ್ದರೂ ಮಿತಿ ದಾಟಿದೆ ಎಂದೇ ತಿಳಿಯಬೇಕು. ಮೆಮೊರಿಯನ್ನು ಪರೀಕ್ಷಿಸುವಾಗ ಕೋರ್ ಕ್ಲಾಕನ್ನು ಮೂಲ ಸ್ಥಿತಿಗೆ ತಂದಿಡಿ, ಇಲ್ಲವಾದರೆ ತೊಂದರೆ ಯಾವುದರದ್ದೆಂದು ಗೊತ್ತಾಗುವುದಿಲ್ಲ.

ಕೋರ್ ಮತ್ತು ಮೆಮೊರಿ ಎರಡರ ಹೊಸ ಕ್ಲಾಕನ್ನೂ ಒಟ್ಟಿಗೆ ಹಾಕಿದಾಗ ಅವು ಒಂದೇ ವಿದ್ಯುತ್ ಮಿತಿಯನ್ನು ಹಂಚಿಕೊಳ್ಳುವುದರಿಂದ ಪರೀಕ್ಷೆ ಮತ್ತೆ ಆಗಬೇಕು. ತ್ರೀಡಿಮಾರ್ಕ್ ಟೈಮ್ ಸ್ಪೈ ಎಂಬ ಬೆಂಚ್‌ಮಾರ್ಕ್‌ನ ಸ್ಟ್ರೆಸ್ ಟೆಸ್ಟ್ ಒಂದೇ ದೃಶ್ಯವನ್ನು 20 ಬಾರಿ ಓಡಿಸಿ, ಫ್ರೇಮ್‌ರೇಟ್‌ನ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯ) ಸ್ಥಿರತೆ ಕನಿಷ್ಠ 97% ಇದ್ದರೆ ಪಾಸ್ ಮಾಡುತ್ತದೆ. ಅಷ್ಟಕ್ಕೇ ತೃಪ್ತರಾಗುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಸತತ ಹೊರೆಯಲ್ಲಿ ಬಿಸಿಯಾದ ಕಾರ್ಡು ಕ್ಲಾಕನ್ನು ತಾನೇ ಸ್ವಲ್ಪ ಇಳಿಸಿಕೊಂಡಿರುತ್ತದೆ. ಆಟ ಶುರುವಾದಾಗ ಅಥವಾ ಮೆನುವಿನಿಂದ ಮರಳಿದಾಗ, ಇನ್ನೂ ತಣ್ಣಗಿರುವ ಕಾರ್ಡು ಅದಕ್ಕಿಂತ ಮೇಲಿನ ಕ್ಲಾಕಿಗೆ ಜಿಗಿದು ಅಲ್ಲಿ ಕುಸಿಯಬಹುದು. ಹಾಗಾಗಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಚಲನೆಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಇರುವ ಆಟವೊಂದನ್ನೂ ಸೇರಿಸಿ, ನೀವು ನಿಜವಾಗಿ ಆಡುವ ಆಟಗಳಲ್ಲಿ ಗಂಟೆಗಟ್ಟಲೆ ನೋಡಿ.

ವಿಂಡೋಸ್ ಜೊತೆಗೇ ಈ ಸೆಟ್ಟಿಂಗ್ ಜಾರಿಯಾಗುವ ಆಯ್ಕೆಯನ್ನು ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಆನ್ ಮಾಡಬೇಡಿ. ಅದು ಆಫ್ ಇದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಕಾರ್ಡು ತನ್ನ ಮೂಲ ಕ್ಲಾಕಿಗೆ ಮರಳಿರುತ್ತದೆ.