ಮಾನಿಟರ್ ತನ್ನ ಅಳತೆ ಹೇಳದಿದ್ದಾಗ: ಲಿನಕ್ಸ್‌ನಲ್ಲಿ ರೆಸಲ್ಯೂಷನ್ ನಾನೇ ಸೇರಿಸಿದ್ದು

ನಾನು ಎರಡು ಕಂಪ್ಯೂಟರ್‌ಗಳಿಗೆ ಒಂದೇ ಮಾನಿಟರ್ ಬಳಸುತ್ತೇನೆ. ನಡುವೆ ಒಂದು ಕೆವಿಎಂ ಸ್ವಿಚ್ ಇದೆ, ಒಂದೇ ಮಾನಿಟರನ್ನು ಎರಡರ ನಡುವೆ ಬದಲಾಯಿಸುವ ಪೆಟ್ಟಿಗೆ. ಮಾನಿಟರ್ 1920×1080ರದ್ದು. ಆದರೆ ಲಿನಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ಮೇಲೆ ಏನೂ ಕಾಣುತ್ತಿರಲಿಲ್ಲ. ಅಕ್ಷರಗಳೆಲ್ಲ ಅಡ್ಡಕ್ಕೆ ಎಳೆದ ಹಾಗೆ, ಮಸುಕು ಮಸುಕು.

ಇಂಥ ಹೊತ್ತಲ್ಲಿ ತುಂಬ ಜನ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಟ್ಟು ಅದನ್ನೇ ತೆಗೆದು ಹಾಕಿ ಮಾಡುತ್ತಾರೆ. ನಾನು ಮೊದಲು ನೋಡಿದ್ದು ಇಡಿಐಡಿಯನ್ನು, ಅಂದರೆ ಮಾನಿಟರ್ ತನ್ನ ಬಗ್ಗೆ ತಾನೇ ಕೊಡುವ ಮಾಹಿತಿಯನ್ನು. ಮಾನಿಟರ್ ಒಳಗೆ ಪುಟ್ಟ ಮೆಮೊರಿ ಒಂದಿರುತ್ತದೆ. ತಾನು ಯಾವ ಮಾಡೆಲ್, ಯಾವ ಯಾವ ರೆಸಲ್ಯೂಷನ್ ತನಗೆ ಆಗುತ್ತದೆ ಅನ್ನುವುದು ಅದರಲ್ಲಿ 128 ಬೈಟ್‌ಗಳ ಬ್ಲಾಕ್‌ಗಳಾಗಿ ಇರುತ್ತದೆ. ಕೇಬಲ್ ಹಾಕಿದ ಕೂಡಲೇ ಕಂಪ್ಯೂಟರ್ ಅದನ್ನು ಓದಿಕೊಳ್ಳಬೇಕು. ಸ್ವಿಚ್ಚೋ ಅಡಾಪ್ಟರೋ ಅದನ್ನು ದಾಟಿಸದೆ ಹೋದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇರೆ ದಾರಿಯಿಲ್ಲ, 1024×768ರಲ್ಲೇ ನಿಲ್ಲುತ್ತದೆ. ಡಿಸ್‌ಪ್ಲೇ ಪೋರ್ಟುಗಳ ವಿವರ ಇರುವ, ಸಿಸ್ಟಮ್‌ನ ಡಿಆರ್‌ಎಂ ಫೋಲ್ಡರ್‌ನಲ್ಲಿ ಒಂದೊಂದು ಪೋರ್ಟಿಗೂ ಒಂದು ಇಡಿಐಡಿ ಫೈಲ್ ಇರುತ್ತದೆ. ನನ್ನದು ಖಾಲಿ ಇತ್ತು. ಅಂದರೆ ಡ್ರೈವರ್‌ದೇನೂ ತಪ್ಪಿಲ್ಲ.

ಮಾನಿಟರ್ ಹೇಳಬೇಕಾದದ್ದನ್ನು ಇನ್ನು ನಾವೇ ಹೇಳಬೇಕು. ಲಿನಕ್ಸ್‌ನಲ್ಲಿ ಪರದೆ ಮೇಲೆ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಇದಕ್ಕೆ ಎರಡು ಕಮಾಂಡ್ ಸಾಕು: ಲೆಕ್ಕ ಹಾಕುವುದಕ್ಕೆ ಸಿವಿಟಿ, ಹಾಕಿಸುವುದಕ್ಕೆ ಎಕ್ಸ್‌ರ್ಯಾಂಡ್‌ಆರ್. ಸಿವಿಟಿಗೆ 1920, 1080, 60 ಅಂತ ಕೊಟ್ಟರೆ ಮೋಡ್‌ಲೈನ್ ಅನ್ನುವ ಒಂದು ಸಾಲು ಸಿಗುತ್ತದೆ. ಅದನ್ನು ಸುಮ್ನೆ ನಕಲು ಮಾಡಿ ಅಂಟಿಸಿಬಿಡಬೇಡಿ, ಒಮ್ಮೆ ಓದಿ. ಅಡ್ಡಕ್ಕೆ ಒಟ್ಟು 2576, ಉದ್ದಕ್ಕೆ ಒಟ್ಟು 1120, ಮೊದಲಲ್ಲಿ 173 ಮೆಗಾಹರ್ಟ್ಸ್ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳನ್ನು ಕಳಿಸುವ ವೇಗ) ಅಂತ ಇರುತ್ತದೆ. ನಾವು ಕೇಳಿದ್ದು 1920 ಮತ್ತು 1080 ಮಾತ್ರ, ಅಲ್ವಾ? ಉಳಿದದ್ದು ಬ್ಲ್ಯಾಂಕಿಂಗ್, ಅಂದರೆ ಚಿತ್ರವಿಲ್ಲದ ಬಿಡುವು. ಹಳೆಯ ಸಿಆರ್‌ಟಿ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ವಾಪಸ್ ಬರಲು ಸಮಯ ಬೇಕಿತ್ತು. ಆ ಬಿಡುವು ಈಗಲೂ ಲೆಕ್ಕದಲ್ಲಿ ಉಳಿದುಕೊಂಡಿದೆ.

ಎಲ್‌ಸಿಡಿಗೆ ಅಷ್ಟೊಂದು ಬಿಡುವು ಬೇಕಾಗಿಲ್ಲ. ಸಿವಿಟಿಗೆ ಆರ್ ಅನ್ನುವ ಆಯ್ಕೆ ಸೇರಿಸಿ ಕೇಳಿದರೆ ಒಟ್ಟು 2080 ಮತ್ತು 1111ಕ್ಕೆ ಇಳಿಯುತ್ತದೆ. ಕ್ಲಾಕ್ 138.5 ಮೆಗಾಹರ್ಟ್ಸ್. ಪರದೆ ಮೇಲೆ ಕಾಣುವ ಪಿಕ್ಸೆಲ್‌ಗಳು ಅಷ್ಟೇ. ಸಿಂಗಲ್ ಲಿಂಕ್ ಡಿವಿಐ ಮತ್ತು 1.2ರವರೆಗಿನ ಎಚ್‌ಡಿಎಂಐ ಎರಡಕ್ಕೂ ಮಿತಿ 165 ಮೆಗಾಹರ್ಟ್ಸ್. 173 ಅದನ್ನು ದಾಟುತ್ತದೆ, 138.5 ಒಳಗೇ ಉಳಿಯುತ್ತದೆ. ನನ್ನ ಸ್ವಿಚ್ ಹಳೆಯದು. ಮೊದಲನೆಯ ಮೋಡ್‌ಲೈನ್‌ಗೆ ಪರದೆ ಕಪ್ಪಾಯಿತು, ಎರಡನೆಯದಕ್ಕೆ ತಕ್ಷಣ ಚೊಕ್ಕವಾಗಿ ಬಂತು. "ಕಮಾಂಡ್ ಎಲ್ಲ ಸರಿ ಇದೆ, ಚಿತ್ರ ಮಾತ್ರ ಬರಲ್ಲ" ಅನ್ನುವವರು ಮೊದಲು ಈ ಕ್ಲಾಕ್ ಸಂಖ್ಯೆಯನ್ನೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದೂ ಒಗ್ಗದಿದ್ದರೆ ಟಿವಿಗಳ 1080ರ ಅಳತೆ ಕೊಟ್ಟು ನೋಡಿ: ಒಟ್ಟು 2200 ಮತ್ತು 1125, ಕ್ಲಾಕ್ 148.5.

ಮುಂದಿನ ಕೆಲಸ ಸುಲಭ. ಎಕ್ಸ್‌ರ್ಯಾಂಡ್‌ಆರ್‌ನಲ್ಲಿ ನ್ಯೂಮೋಡ್‌ನಿಂದ ಆ ಸಾಲನ್ನು ಸೇರಿಸಿ, ಆಡ್‌ಮೋಡ್‌ನಿಂದ ಪೋರ್ಟಿಗೆ ಜೋಡಿಸಿ, ಔಟ್‌ಪುಟ್ ಮತ್ತು ಮೋಡ್ ಕೊಟ್ಟು ಹಾಕಿಸಿದೆ. ಇಲ್ಲೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಹೊಸ ಮೋಡ್ ಹಾಕುವ ಸಾಲಿನ ಬಾಲಕ್ಕೇ 20 ಸೆಕೆಂಡ್ ಸ್ಲೀಪ್ ಮತ್ತು ಅದೇ ಪೋರ್ಟನ್ನು ಆಟೋಗೆ ತರುವ ಕಮಾಂಡ್ ಸೇರಿಸಿರುತ್ತೇನೆ. ಪರದೆ ಕಪ್ಪಾದರೂ ಕೈಕಟ್ಟಿ ಕಾಯ್ದರೆ ಸಾಕು, ತಾನಾಗೇ ವಾಪಸ್ ಬರುತ್ತದೆ.

ಇದು ರೀಬೂಟ್ ಆದರೆ ಹೋಗುತ್ತದೆ. ಪ್ರಯೋಗ ಮಾಡುವಾಗ ಅದೇ ಒಳ್ಳೆಯದು. ಸರಿ ಬಂದ ಮೇಲೆ, ಲಾಗಿನ್ ಆದಾಗ ಓಡುವ ಎಕ್ಸ್‌ಪ್ರೊಫೈಲ್ ಫೈಲಿನಲ್ಲಿ ಹಾಕಬಹುದು. ಆದರೆ ಲಾಗಿನ್ ಪರದೆಯೂ ಸರಿಯಿರಬೇಕು ಅಂದರೆ ಎಕ್ಸಾರ್ಗ್ ಕಾನ್ಫ್ ಫೋಲ್ಡರ್‌ನಲ್ಲಿ ಮಾನಿಟರ್ ವಿಭಾಗ ಬರೆದು, ಮೋಡ್‌ಲೈನ್ ಮತ್ತು ಪ್ರಿಫರ್ಡ್‌ಮೋಡ್ ಕೊಡಿ. ನಾನು ಹಾಗೇ ಮಾಡಿದೆ.

ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಹೋದಾಗ ಇದ್ಯಾವುದೂ ನಡೆಯಲಿಲ್ಲ. ಅಲ್ಲಿ ಎಕ್ಸ್‌ರ್ಯಾಂಡ್‌ಆರ್ ಮಾತಾಡುವುದು ಹಳೆಯ ಎಕ್ಸ್11 ಪ್ರೋಗ್ರಾಂಗಳನ್ನು ಓಡಿಸುವ ಎಕ್ಸ್‌ವೇಲ್ಯಾಂಡ್ ಜೊತೆ, ನಿಜವಾದ ಪೋರ್ಟಿನ ಜೊತೆ ಅಲ್ಲ. ವೇಲ್ಯಾಂಡ್‌ನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಸ್ವೇಯಲ್ಲಾದರೆ ಕಸ್ಟಮ್ ಮೋಡ್ ಕಾನ್ಫಿಗ್‌ನಲ್ಲೇ ಕೊಡಬಹುದು. ಎಲ್ಲ ಡೆಸ್ಕ್‌ಟಾಪ್‌ಗೂ ಹೊಂದುವ ದಾರಿ ಬೂಟ್ ಸಾಲಿನಲ್ಲಿ ವಿಡಿಯೋ ಅನ್ನುವ ಕರ್ನಲ್ ಪ್ಯಾರಾಮೀಟರ್: ಪೋರ್ಟಿನ ಹೆಸರು, ರೆಸಲ್ಯೂಷನ್, ರಿಫ್ರೆಶ್ ರೇಟ್. ರೆಸಲ್ಯೂಷನ್ ಪಕ್ಕದಲ್ಲಿ ಎಂ ಮತ್ತು ಆರ್ ಸೇರಿಸಿದರೆ ಸಿವಿಟಿಯ ಕಡಿಮೆ ಬಿಡುವಿನ ಲೆಕ್ಕವೇ ಸಿಗುತ್ತದೆ. ಪೋರ್ಟಿನ ಹೆಸರನ್ನು ಡಿಆರ್‌ಎಂ ಫೋಲ್ಡರ್‌ನಿಂದಲೇ ತೆಗೆದುಕೊಳ್ಳಿ. ಎಕ್ಸ್11ನಲ್ಲಿ ಎಚ್‌ಡಿಎಂಐ-1 ಅಂತ ಕಾಣುವುದನ್ನು ಕರ್ನಲ್ ಎಚ್‌ಡಿಎಂಐ-ಎ-1 ಅನ್ನುತ್ತದೆ, ಆ ನಡುವಿನ ಎ ಬಿಟ್ಟರೆ ಸಾಲು ಕೆಲಸ ಮಾಡುವುದಿಲ್ಲ.